180 ಡಿಗ್ರಿ ರೇಖೆ ದಾಟಿದ ನಕ್ಷೆ: ನನ್ನ ಅನುಭವ

180 ಡಿಗ್ರಿ ರೇಖಾಂಶ ದಾಟಿದೊಡನೆ ಅಂಕಿ 180ರಿಂದ ‑180ಕ್ಕೆ ಜಿಗಿಯುತ್ತದೆ; ಅದನ್ನು ದಾಟಿದ ಆಕಾರವನ್ನು ತಂತ್ರಾಂಶ ನಕ್ಷೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದುಬಿಡುತ್ತದೆ. ನಮ್ಮಲ್ಲಿ ಮಾತ್ರ ಫಿಜಿ ಸುತ್ತಲಿನ ಹಡಗುಗಳ ಜಾಡು ಈಗ ನಕ್ಷೆಯ ಉದ್ದಗಲಕ್ಕೂ ಅಡ್ಡಗೆರೆ ಎಳೆಯದೆ ಮೂಡುತ್ತಿದೆ. "ಎಲ್ಲ ರೇಖಾಂಶಗಳನ್ನೂ 0ರಿಂದ 360ರ ಅಳತೆಗೆ ಬದಲಿಸಿ ಕೈತೊಳೆದುಕೊಳ್ಳಿ, ಬೇರೆ ದಾರಿಯಿಲ್ಲ" ಎಂದಿದ್ದರು ಬೆಂಗಳೂರಿನ ಗೆಳೆಯರು. ಬೇರೆ ದಾರಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಮ್ಮ ಎರಡು ಕೋಣೆಯ ಕಚೇರಿಯಲ್ಲೇ ಸಿಕ್ಕಿತು.

ಅವರು ಹೇಳಿದ್ದನ್ನೂ ಮಾಡಿ ನೋಡಿದ್ದೆವು. ರೇಖೆ ಹಾದುಹೋಗುವ ಫಿಜಿಯ ಟವೆಯುನಿ ದ್ವೀಪವೇನೋ ಕೂಡಿಕೊಂಡಿತು. ಆದರೆ ಲಂಡನ್ನಿಗೆ ಹೋದ ಹಡಗುಗಳ ಜಾಡು 0 ಮತ್ತು 360 ಸೇರುವ ಗ್ರೀನಿಚ್ ಬಳಿ ತುಂಡಾಯಿತು. ಆಮೇಲೆ ನಕ್ಷೆಯ ದತ್ತಾಂಶ ಸಂಸ್ಕರಿಸುವ ತಂತ್ರಾಂಶವಾದ ಜಿಡಾಲ್‌ನ ರ‍್ಯಾಪ್‌ಡೇಟ್‌ಲೈನ್ ಆಯ್ಕೆ. ಅದು ರೇಖೆಯ ಆಚೀಚೆ 10 ಡಿಗ್ರಿಯೊಳಗಿನದನ್ನಷ್ಟೇ ತಾನಾಗಿ ಕತ್ತರಿಸುತ್ತದೆ. ನಮ್ಮ ಬಿಂದುಗಳ ನಡುವೆ ಅದಕ್ಕಿಂತ ದೊಡ್ಡ ಜಿಗಿತಗಳಿದ್ದವು. ಪ್ರತಿ ಕಡತಕ್ಕೂ ಆ ಮಿತಿ ಎಷ್ಟಿರಬೇಕೆಂದು ಊಹಿಸುತ್ತಾ ಕೂರುವುದು ನನಗೆ ಒಗ್ಗುವ ಕೆಲಸವಲ್ಲ.

ಈ ನಡುವೆ ದುಡ್ಡು ಸೋರುತ್ತಿತ್ತು. ಕತ್ತರಿಸದ ಪಾಲಿಗಾನಿನ (ದ್ವೀಪದಂಥ ಮುಚ್ಚಿದ ಆಕಾರದ) ಬೌಂಡಿಂಗ್ ಬಾಕ್ಸ್, ಅಂದರೆ ಅದನ್ನು ಸುತ್ತುವರಿಯುವ ಚೌಕಟ್ಟು, ‑180ರಿಂದ 180ರವರೆಗೆ ಹಿಗ್ಗಿ, ಆ ಅಕ್ಷಾಂಶದಲ್ಲಿ ಜಗತ್ತಿನ ಯಾವ ಮೂಲೆಯನ್ನು ಕೇಳಿದರೂ ಫಿಜಿ ಎದ್ದು ಬರುತ್ತಿತ್ತು. ಹುಡುಕಾಟವನ್ನು ಚುರುಕಾಗಿಸುವ ಇಂಡೆಕ್ಸ್ ಇದ್ದೂ ಇಲ್ಲದಂತೆ. ತಿಂಗಳಿಗೆ 6 ಸಾವಿರದ ಆಸುಪಾಸಿನಲ್ಲಿದ್ದ ಸರ್ವರ್ ಬಾಡಿಗೆ 14 ಸಾವಿರ ಮುಟ್ಟಿತು. ಈಗ ಮತ್ತೆ 6 ಸಾವಿರದೊಳಗೆ ಬಂದಿದೆ.

ಕೊನೆಗೆ ಗೆದ್ದದ್ದು ಮೊದಲು ಬಿಚ್ಚಿ, ಆಮೇಲೆ ಕತ್ತರಿಸುವ ವಿಧಾನ. ಬಿಂದುವಿನಿಂದ ಬಿಂದುವಿಗೆ ಹೋಗುವಾಗ ರೇಖಾಂಶದ ವ್ಯತ್ಯಾಸ 180 ಮೀರಿದರೆ 360 ಕೂಡಿಸುವುದು ಅಥವಾ ಕಳೆಯುವುದು: 179.8ರ ಮುಂದಿನ ‑179.9 ಆಗ 180.1 ಆಗುತ್ತದೆ. ಆಕಾರ ಅಖಂಡವಾದ ಮೇಲೆ 180ರಲ್ಲಿ ಕತ್ತರಿಸಿ, ಆಚೆಯ ತುಂಡಿನಿಂದ 360 ಕಳೆದು, ಮಲ್ಟಿಪಾಲಿಗಾನ್ (ಹಲವು ತುಂಡುಗಳ ಒಂದೇ ಆಕಾರ) ಆಗಿ ಉಳಿಸಿದರಾಯಿತು. ನಕ್ಷೆಯ ಆಕಾರಗಳನ್ನು ಬರೆದಿಡುವ ಕಡತ ಮಾದರಿಯಾದ ಜಿಯೋಜೇಸನ್‌ನ 2016ರ ನಿಯಮಾವಳಿ ಕೇಳುವುದೂ ಎರಡು ತುಂಡುಗಳನ್ನೇ. ಬಹಳ ಜನ ಎಡವುವುದು ಇದರ ನಂತರ: ಆಚೆಯ ತುಂಡಿನ ಅಂಚು ‑180 ಆಗಿಯೇ ಇರಬೇಕು. ರೇಖಾಂಶವನ್ನು "ಶುದ್ಧಗೊಳಿಸುವ" ಫಂಕ್ಷನ್ ಯಾವುದಾದರೂ ಅದನ್ನು 180 ಮಾಡಿತೋ, ಪಾಲಿಗಾನ್ ಮತ್ತೆ ಭೂಮಿಯನ್ನೇ ಸುತ್ತಿಕೊಳ್ಳುತ್ತದೆ.

ಪರೀಕ್ಷೆಗೆ ಉಣಕಲ್ ಕೆರೆಯನ್ನೇ ಎತ್ತಿಕೊಂಡೆ. ನಮ್ಮೂರಿನ ರೇಖಾಂಶ ಸುಮಾರು 75.1. ಅದಕ್ಕೆ 104.9ರಷ್ಟು ಕೂಡಿಸಿ ಕೆರೆಯ ನಟ್ಟನಡುವೆ 180ರ ಗೆರೆ ಬೀಳುವಂತೆ ಮಾಡಿದೆ. ಪೂರ್ವಕ್ಕೆ ಸರಿದ ಮಾತ್ರಕ್ಕೆ ದೀರ್ಘಗೋಳದ (ಧ್ರುವಗಳಲ್ಲಿ ಚಪ್ಪಟೆಯಾದ ಭೂಮಿಯ ಆಕಾರದ) ಮೇಲೆ ವಿಸ್ತೀರ್ಣ ಬದಲಾಗದು. ಎರಡು ತುಂಡುಗಳ ಮೊತ್ತ ಮೂಲ ಕೆರೆಯಷ್ಟೇ ಬರಬೇಕು. ಬಂತು. ಕಣ್ಣಿಗೆ ಪರಿಚಿತ ಆಕಾರವಾದ್ದರಿಂದ ದಂಡೆ ಎಲ್ಲಿ ಸೊಟ್ಟಗಾದರೂ ತಕ್ಷಣ ಗೊತ್ತಾಗುತ್ತದೆ. ಇದರಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಅಂಟಾರ್ಕ್ಟಿಕಾದಂತೆ ಧ್ರುವವನ್ನು ಸುತ್ತುವ ಉಂಗುರಕ್ಕೆ ಇಷ್ಟು ಸಾಲದು. ಬಿಚ್ಚಿದ ಮೇಲೆ ಅದರ ಮೊದಲ ಮತ್ತು ಕೊನೆಯ ರೇಖಾಂಶಗಳ ನಡುವೆ 360ರ ಅಂತರ ಉಳಿದಿರುತ್ತದೆ; ಗುರುತು ಹಿಡಿಯಲು ಅದೇ ಸಾಕು. ಅದನ್ನು ಮುಚ್ಚುವ ನನ್ನ ವಿಧಾನ ಸದ್ಯ ಗ್ರಾಹಕರೊಬ್ಬರ ಕೆಲಸದಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.