ಕೆರೆ ದಂಡೆಯಲ್ಲಿ ಕೂತು ಹಕ್ಕಿ ಎಣಿಸುವುದು

ಹಕ್ಕಿ ಎಣಿಸಲು ನಾನು ಕೆರೆ ಸುತ್ತುವುದಿಲ್ಲ. ದಂಡೆಗುಂಟ ನಡೆದರೆ ಮುಂದಿರುವ ಹಕ್ಕಿಗಳು ಎದ್ದು ಹೋಗಿ ಹಿಂದೆಲ್ಲೋ ಇಳಿಯುತ್ತವೆ, ಲೆಕ್ಕ ಕೆಡುತ್ತದೆ. ಒಂದೇ ಕಡೆ ಕೂತು, ಹದಿನೈದು ನಿಮಿಷ ಸುಮ್ಮನಿದ್ದು, ಆಮೇಲೆ ಎಣಿಕೆ ಶುರು. ಕಾಲ್ಸಪ್ಪಳಕ್ಕೆ ಜೊಂಡಿನೊಳಗೆ ಸರಿದ ನಾಮದ ಕೋಳಿಗಳು (ಹಣೆಯಲ್ಲಿ ಬಿಳಿ ನಾಮವಿರುವ ಕರಿ ನೀರಹಕ್ಕಿಗಳು) ಹೊರಬರಲು ಅಷ್ಟಾದರೂ ಹೊತ್ತು ಬೇಕು.

ಜಾಗ ಆರಿಸುವಾಗ ಮೊದಲು ನೋಡುವುದು ಬೆಳಕು. ಸೂರ್ಯ ಬೆನ್ನಿಗಿರಬೇಕು: ಬೆಳಿಗ್ಗೆ ಪೂರ್ವದ ದಂಡೆ, ಸಂಜೆ ಪಶ್ಚಿಮದ್ದು. ಎದುರು ಬಿಸಿಲಿಗೆ ಕೂತರೆ ಹಕ್ಕಿಗಳೆಲ್ಲ ಕರಿ ಚುಕ್ಕೆಗಳು. ಬಿಸಿಲೇರಿದ ಮೇಲಂತೂ ನೀರಿನ ಮೇಲಿನ ಗಾಳಿ ನಡುಗಿ ದೂರದ ಹಕ್ಕಿಯ ಅಂಚೇ ಕದಡುತ್ತದೆ. ಮಸೂರದ ಶಕ್ತಿ ಹೆಚ್ಚಿದಷ್ಟೂ ಆ ನಡುಕವೂ ದೊಡ್ಡದಾಗಿ ಕಾಣುತ್ತದೆ.

ಬೈನಾಕ್ಯುಲರ್ 8×42 ಸಾಕು: ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರ 42 ಮಿಲಿಮೀಟರ್ ಅಗಲ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ತಲುಪುವ ಬೆಳಕಿನ ಬಿಲ್ಲೆ ಅಷ್ಟು ಮಿಲಿಮೀಟರ್ ಅಗಲ. ಜೇಬಿಗೆ ಹಿಡಿಸುವ 8×25ರಲ್ಲಿ ಅದು ಮೂರು ಚಿಲ್ಲರೆ ಮಾತ್ರ, ಹಾಗಾಗಿ ಮುಂಜಾವದಲ್ಲಿ ಮಬ್ಬು. 10 ಪಟ್ಟಿನದು ಹಿಡಿದರೆ ಕೈನಡುಕ ಹೆಚ್ಚು ಕಾಣುತ್ತದೆ. ಮೊಣಕೈಯನ್ನು ಮಂಡಿಗೆ ಊರಿ ಕೂರಬೇಕು. "ನನ್ನ ಕಣ್ಣಿಗೆ ಸರಿ ಕಾಣಲ್ಲ" ಅನ್ನುವವರಲ್ಲಿ ಹೆಚ್ಚಿನವರು ಡಯಾಪ್ಟರ್, ಅಂದರೆ ಎರಡು ಕಣ್ಣುಗಳ ವ್ಯತ್ಯಾಸ ಸರಿಹೊಂದಿಸುವ ಬಳೆ, ಮುಟ್ಟಿಯೇ ಇರುವುದಿಲ್ಲ. ಬಲಗಡೆಯ ದೊಡ್ಡ ಮಸೂರವನ್ನು ಅಂಗೈಯಿಂದ ಮುಚ್ಚಿ, ದೂರದ ಒಂದು ಗೂಟವನ್ನು ನೋಡುತ್ತ ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸರಿಮಾಡಿ. ಆಮೇಲೆ ಎಡಗಡೆ ಮುಚ್ಚಿ, ಅದೇ ಗೂಟಕ್ಕೆ ಬಲಗಣ್ಣಿನ ಬಳೆಯನ್ನು ಮಾತ್ರ ತಿರುಗಿಸಿ. ಬಳೆ ನಿಂತ ಗುರುತು ನೆನಪಿಟ್ಟುಕೊಂಡರೆ ಮತ್ತೆ ಮತ್ತೆ ಈ ಕೆಲಸವಿಲ್ಲ. ಕನ್ನಡಕ ಇದ್ದರೆ ಕಣ್ಣಿನ ಕಡೆಯ ರಬ್ಬರು ಬಟ್ಟಲುಗಳನ್ನು ಒಳಕ್ಕಿಳಿಸಿ.

ದೊಡ್ಡ ಗುಂಪಿದ್ದರೆ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಅಗಲ ಹಿಡಿದಿವೆಯೆಂದು ಕಣ್ಣಳತೆ ಮಾಡಿ, ಅದೇ ಅಳತೆಯನ್ನು ಮುಂದೆ ಮುಂದೆ ಇಡುತ್ತ ಹೋಗುತ್ತೇನೆ. ಗುಂಪಿನ ನಡು ಒತ್ತಾಗಿದ್ದು ಅಂಚು ತೆಳುವಾಗಿದ್ದರೆ ಎರಡು ಕಡೆಗೂ ಬೇರೆ ಬೇರೆ ಅಳತೆ ಬೇಕು. ಇದನ್ನು ಬಿಟ್ಟು ಅಂದಾಜಿಗೆ ಹೊರಟರೆ ಸಂಖ್ಯೆ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಗುಂಪು ಎಡದಿಂದ ಬಲಕ್ಕೆ ಈಜುತ್ತಿದ್ದರೆ ಎಣಿಕೆ ಬಲದಿಂದ ಎಡಕ್ಕೆ. ಎದುರಿನಿಂದ ಬಂದ ಹಕ್ಕಿ ಒಮ್ಮೆ ಮಾತ್ರ ಸಿಗುತ್ತದೆ.

ಕಷ್ಟ ಕೊಡುವುದು ಗುಳುಮುಳುಕ, ನೀರುಕಾಗೆಯಂಥ ಮುಳುಗುವ ಹಕ್ಕಿಗಳು. ಒಮ್ಮೆ ಕಣ್ಣು ಹಾಯಿಸಿದರೆ ಅರ್ಧ ನೀರಿನಡಿಯಲ್ಲೇ ಇರಬಹುದು. ಒಂದು ತುಣುಕು ನೀರನ್ನೇ ನೋಡುತ್ತ ಒಂದು ನಿಮಿಷ ಕಾದು, ಒಟ್ಟಿಗೆ ಕಂಡದ್ದರಲ್ಲಿ ಅತಿ ಹೆಚ್ಚಿನ ಸಂಖ್ಯೆಯನ್ನೇ ಬರೆದುಕೊಳ್ಳಿ. ದೂರದಿಂದ ಗುರುತು ಹಿಡಿಯಲು ಬಣ್ಣಕ್ಕಿಂತ ಕೂತ ಠೀವಿ ವಾಸಿ: ನೀರುಕಾಗೆಯ ಮೈ ನೀರಿನಲ್ಲಿ ತೀರ ತಗ್ಗಿ ಕೊಕ್ಕು ಮೇಲ್ಮುಖವಾಗಿರುತ್ತದೆ, ನಾಮದ ಕೋಳಿ ದುಂಡಗೆ ತೇಲುತ್ತ ಹೆಜ್ಜೆಗೊಮ್ಮೆ ತಲೆ ಆಡಿಸುತ್ತದೆ.

ಟಿಪ್ಪಣಿಯಲ್ಲಿ ದಿನಾಂಕ, ಶುರುವಾದ ಮತ್ತು ಮುಗಿದ ಸಮಯ, ಗಾಳಿ, ಕೂತ ಜಾಗ ಇರಲೇಬೇಕು. ಎಂದಿನ ಹಕ್ಕಿ ಕಾಣದಿದ್ದರೆ ಸೊನ್ನೆ ಬರೆಯಿರಿ; ಖಾಲಿ ಬಿಟ್ಟರೆ ಇರಲಿಲ್ಲವೋ ನೋಡಲಿಲ್ಲವೋ ಆಮೇಲೆ ತಿಳಿಯದು. 1967ರಿಂದ ಜನವರಿಗಳಲ್ಲಿ ನಡೆಯುತ್ತಿರುವ ಅಂತರರಾಷ್ಟ್ರೀಯ ನೀರಹಕ್ಕಿ ಗಣತಿ ಉಪಯೋಗಕ್ಕೆ ಬರುವುದೂ ಅದೇ ಜಾಗಗಳನ್ನು ವರ್ಷ ವರ್ಷ ಎಣಿಸುವುದರಿಂದ.

ಎಣಿಸುವಾಗ ಹಕ್ಕಿಗಳು ಮೇಯುವುದು ನಿಲ್ಲಿಸಿ ಕತ್ತೆತ್ತಿದರೆ ನೀವು ಹತ್ತಿರವಾದಿರಿ ಎಂದರ್ಥ. ಮೆಲ್ಲಗೆ ಹಿಂದೆ ಸರಿಯಿರಿ. ಗೂಡು ಕಂಡರೆ ಆ ಜೊಂಡಿನ ಕಡೆ ಹೆಜ್ಜೆ ಇಡಬೇಡಿ: ತಾಯಿ ಎದ್ದುಹೋದ ಮೊಟ್ಟೆಗೆ ಬಿಸಿಲು ಬೇಗ ತಾಗುತ್ತದೆ, ಕಾಗೆಗಳಿಗೂ ದಾರಿ ಸಿಗುತ್ತದೆ.