ಹಳೆ ಗಾಡಿಯ ಕೂಲಂಟ್ ಪ್ಲಗ್: ಪ್ಲಾಸ್ಟಿಕ್ಕೋ, ಹಿತ್ತಾಳೆಯೋ?

ಪುಣೆಯಲ್ಲಿ ಹಳೆಯ ಲ್ಯಾಂಡ್ ರೋವರ್ ಡಿಸ್ಕವರಿ ಇಟ್ಟುಕೊಂಡವರು ತಾಮ್ಹಿಣಿ ಘಾಟಿಗೆ ಹೊರಡುವ ಮುಂಚೆ ರೇಡಿಯೇಟರ್, ಥರ್ಮೋಸ್ಟಾಟ್ ಹೌಸಿಂಗ್ ಮೇಲಿನ ಪ್ಲಗ್ ನೋಡಿಕೊಳ್ಳಿ. ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ತುಂಬುವಾಗ ಒಳಗಿನ ಗಾಳಿ ಬಿಡಲು ಬಿಚ್ಚುವ ತಿರುಪಿನ ಮುಚ್ಚಳ ಇದು. ಪ್ಲಾಸ್ಟಿಕ್ ಪ್ಲಗ್ ಬಿಸಿಗೆ ಬೆಂದು ಬೆಂದು ಪೆಡಸಾಗುತ್ತದೆ. ತಿರುಗಿಸಿದರೆ ತಲೆ ಮಾತ್ರ ಕೈಗೆ ಬರುತ್ತದೆ, ಉಳಿದದ್ದು ಒಳಗೇ!

ಹಿತ್ತಾಳೆಯದು ಗಟ್ಟಿ, ನಿಜ. ಲೋಹದ ಹೌಸಿಂಗ್‌ಗೆ ಧೈರ್ಯವಾಗಿ ಹಾಕಿ. ಆದರೆ ರೇಡಿಯೇಟರ್ ಟ್ಯಾಂಕ್ ಪ್ಲಾಸ್ಟಿಕ್‌ನದಾದರೆ, ಸ್ವಲ್ಪ ಜಾಸ್ತಿ ಬಿಗಿದರೂ ಟ್ಯಾಂಕಿನ ಥ್ರೆಡ್ಡೇ ಹೋಗುತ್ತದೆ. ಪ್ಲಗ್ ಉಳಿಸಲು ಹೋಗಿ ರೇಡಿಯೇಟರ್ ಕಳೆದುಕೊಳ್ಳೋದು ಯಾಕೆ? ಅಲ್ಲಿ ಪ್ಲಾಸ್ಟಿಕ್ಕೇ ವಾಸಿ ಅಂತ ನನ್ನ ಲೆಕ್ಕ.

ಹೊಸ ಪ್ಲಗ್ ತರಲು ಪುಣೆಯ ಬಿಡಿಭಾಗಗಳ ಮಾರುಕಟ್ಟೆ ನಾನಾ ಪೇಟೆಗೆ ಹೋಗುವಾಗ ಹಳೆಯ ಪ್ಲಗ್ ಜೊತೆಗಿರಲಿ, ಥ್ರೆಡ್ ಹೊಂದಿಸಿ ನೋಡಿ. (ಸ್ಕೂಟರ್‌ನಲ್ಲೇ ಹೋಗಿ, ಅಲ್ಲಿ ಪಾರ್ಕಿಂಗ್ ಗೋಳು ಗೊತ್ತಲ್ವಾ.) ಸೋರದಂತೆ ಪ್ಲಗ್‌ಗೆ ಹಾಕುವ ರಬ್ಬರ್ ಉಂಗುರ (ಓ-ರಿಂಗ್) ಹೊಸದೇ ಹಾಕಿ. ಎಂಜಿನ್ ಪೂರ್ತಿ ತಣ್ಣಗಾಗದೆ ಮಾತ್ರ ಪ್ಲಗ್ ಬಿಚ್ಚಬೇಡಿ, ಕುದಿಯುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ.