ಮ್ಯಾಚ್ ಆಯ್ತು, ‘ಹಾಯ್’ ಆಯ್ತು, ಮುಂದೇನು ಕೇಳೋದು?

‘ಹಾಯ್.’
‘ಹಾಯ್.’
‘ಊಟ ಆಯ್ತಾ?’
‘ಆಯ್ತು. ನಿಮ್ದು?’
‘ಆಯ್ತು.’

ಅಲ್ಲಿಗೆ ಮಾತು ಮುಗಿಯಿತು. ಡೇಟಿಂಗ್ ಆ್ಯಪ್‌ನಲ್ಲಿರುವ ಗೆಳತಿಯೊಬ್ಬಳು ಮೊನ್ನೆ ಫೋನ್ ನನ್ನ ಕೈಗಿಟ್ಟು, ‘ನೋಡು, ಎಲ್ಲಾ ಹೀಗೇ’ ಎಂದಳು. ಬೆರಳಾಡಿಸಿದಷ್ಟೂ ಇಂಥವೇ ಚಾಟ್‌ಗಳು. ಬರೆದವರು ಒಳ್ಳೆಯವರೇ ಇರಬಹುದು. ‘ಊಟ ಆಯ್ತಾ’ ನಮ್ಮಲ್ಲಿ ಅಕ್ಕರೆಯ ಮಾತು ತಾನೆ? ಆದರೆ ಅದು ಪರಿಚಯವಿದ್ದವರ ನಡುವೆ ಚೆಂದ. ಹೊಸಬರಿಗೆ ‘ಆಯ್ತು’ ಬಿಟ್ಟರೆ ಬೇರೆ ಏನು ಹೇಳಲು ತೋಚುತ್ತದೆ?

ಕೇಳುವುದನ್ನು ಕಲಿಯಬಹುದು. ಹೀಗೆ ಶುರು ಮಾಡಿ.

1. ಮೊದಲು ಪ್ರೊಫೈಲ್ ಓದಿ

ಎರಡು ನಿಮಿಷ ಸಾಕು. ಫೋಟೊದಲ್ಲಿ ಮುಖ ಮಾತ್ರ ನೋಡಬೇಡಿ, ಹಿಂದೆ ಏನಿದೆ, ಕೈಯಲ್ಲಿ ಏನಿದೆ ಅದನ್ನೂ ನೋಡಿ. ಹಿಂಜ್‌ನಂಥ ಆ್ಯಪ್‌ನಲ್ಲಿ ಒಂದು ಫೋಟೊಗೋ ಪ್ರೊಫೈಲ್‌ನಲ್ಲಿ ಬರೆದ ಒಂದು ಉತ್ತರಕ್ಕೋ ನೇರವಾಗಿ ಕಾಮೆಂಟ್ ಹಾಕಬಹುದು. ಅದನ್ನು ಬಳಸಿಕೊಳ್ಳಿ. ಹತ್ತು ಜನಕ್ಕೆ ಕಳಿಸಬಹುದಾದ ಪ್ರಶ್ನೆಯನ್ನು ಯಾರಿಗೂ ಕಳಿಸಬೇಡಿ.

2. ಉತ್ತರದ ಎಳೆ ಹಿಡಿಯಿರಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಒಂದು ಫೋಟೊದಲ್ಲಿ ಹುಡುಗಿಯೊಬ್ಬಳು ಜಗಲಿಯ ಮೇಲೆ ಮೊರದ ತುಂಬಾ ಅವರೆಕಾಯಿ ಇಟ್ಟುಕೊಂಡು ಕೂತಿದ್ದಾಳೆ ಅನ್ನಿ. ನೀವು ಕೇಳುತ್ತೀರಿ:

‘ನಿಮ್ಮ ಮನೇಲಿ ಹಿತಕವರೆ ಹಿಸುಕೋ ಕೆಲಸ ಯಾರದ್ದು?’
‘ಅಜ್ಜಿದು. ನಾನು ಪಕ್ಕದಲ್ಲಿ ಕೂತು ಕಥೆ ಕೇಳೋದಷ್ಟೇ.’

ಇಲ್ಲಿ ‘ಓ ಸೂಪರ್, ನಿಮ್ಮ ಹಾಬಿ ಏನು?’ ಎಂದರೆ ಅವಳು ಕೊಟ್ಟದ್ದನ್ನು ಕೆಳಗೆ ಹಾಕಿದ ಹಾಗೆ. ಅವಳು ‘ಅಜ್ಜಿ’ ಅಂದಳು, ‘ಕಥೆ’ ಅಂದಳು. ಎರಡೂ ಬಾಗಿಲು ತೆರೆದೇ ಇದೆ. ‘ಅಜ್ಜಿ ಮತ್ತೆ ಮತ್ತೆ ಹೇಳೋ ಕಥೆ ಯಾವುದು?’ ಎಂದು ಕೇಳಿ ನೋಡಿ. ಇದಕ್ಕೆ ‘ಹೂಂ’ ಎಂದು ಉತ್ತರಿಸಲು ಆಗುವುದಿಲ್ಲ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಾರ್ವರ್ಡ್‌ನ ಸಂಶೋಧಕರು ಅಪರಿಚಿತರನ್ನು ಆನ್‌ಲೈನ್‌ನಲ್ಲಿ 15 ನಿಮಿಷ ಚಾಟ್ ಮಾಡಿಸಿದರು. ಕೆಲವರಿಗೆ ಕನಿಷ್ಠ 9 ಪ್ರಶ್ನೆ ಕೇಳಿ ಎಂದರು, ಕೆಲವರಿಗೆ 4ಕ್ಕಿಂತ ಜಾಸ್ತಿ ಬೇಡ ಎಂದರು. ಜಾಸ್ತಿ ಕೇಳಿದವರೇ ಎದುರಿನವರಿಗೆ ಹೆಚ್ಚು ಇಷ್ಟವಾದರು. ಅದರಲ್ಲೂ ಕೆಲಸ ಮಾಡಿದ್ದು, ಹಿಂದಿನ ಉತ್ತರದಿಂದಲೇ ಹುಟ್ಟಿದ ಪ್ರಶ್ನೆಗಳು. ಕೇಳಿಸಿಕೊಂಡಿದ್ದಾರೆ ಅನ್ನೋದು ಎದುರಿನವರಿಗೆ ಗೊತ್ತಾಗುತ್ತದೆ, ಅಲ್ವಾ?

3. ಹೆಣ್ಣು ನೋಡುವ ಶಾಸ್ತ್ರ ಮಾಡಬೇಡಿ

‘ಯಾವ ಕಂಪನಿ? ಸಂಬಳ ಎಷ್ಟು? ಸ್ವಂತ ಮನೇನಾ?’ ಹೀಗೆ ಸಾಲಾಗಿ ಕೇಳಿದರೆ ಯಾರಿಗಾದರೂ ಉಸಿರು ಕಟ್ಟುತ್ತದೆ. ‘ಯಾವ ಊರು?’ ಒಳ್ಳೆಯ ಪ್ರಶ್ನೆಯೇ, ಬೆಂಗಳೂರಿನಲ್ಲಿ ಅರ್ಧ ಮಾತು ಶುರುವಾಗುವುದೇ ಅಲ್ಲಿಂದ. ಆದರೆ ಊರಿನ ನೆಪದಲ್ಲಿ ‘ನಿಮ್ಮ ಕಡೆಯವರು ಅಂದ್ರೆ ಯಾರು?’ ಎಂದು ಜಾತಿ ಕೆದಕುವುದು ಎಲ್ಲರಿಗೂ ಅರ್ಥವಾಗುತ್ತದೆ, ಮನಸ್ಸಿಗೂ ನಾಟುತ್ತದೆ. ದಯವಿಟ್ಟು ಬೇಡ. ಊರಿನ ಬಗ್ಗೆ ತಿಳಿಯಬೇಕಾದರೆ ‘ಊರಿಗೆ ಹೋದ ತಕ್ಷಣ ಮೊದಲು ತಿನ್ನೋದು ಏನು?’ ಎಂದು ಕೇಳಿ.

ಎರಡು ಪ್ರಶ್ನೆ ಕೇಳಿದ ಮೇಲೆ ನಿಮ್ಮದೂ ಒಂದು ಮಾತು ಸೇರಿಸಿ. ‘ನಮ್ಮಜ್ಜಿ ಕಥೆ ಹೇಳ್ತಾ ಹೇಳ್ತಾ ತಾವೇ ನಿದ್ದೆ ಹೋಗ್ತಿದ್ರು’ ಅಂತ ಒಂದು ಸಾಲು ಬರೆದರೂ ಸಾಕು.

4. ‘ನೀವು’ನಿಂದ ‘ನೀನು’ಗೆ

ಇದು ಕನ್ನಡದಲ್ಲಿ ಚಾಟ್ ಮಾಡುವವರಿಗೆ ಸಿಗುವ ಸೊಗಸು. ಮೊದಲ ದಿನವೇ ‘ನೀನು’ ಎಂದರೆ ಕೆಲವರಿಗೆ ಕಸಿವಿಸಿ. ತಿಂಗಳಾದರೂ ‘ನೀವು’ ಎಂದರೆ ಬ್ಯಾಂಕ್ ಕೌಂಟರ್‌ನಲ್ಲಿ ನಿಂತ ಹಾಗೆ. ಊಹಿಸುವ ಬದಲು ಕೇಳಿಬಿಡಿ: ‘ನೀನು ಅನ್ನಬಹುದಾ?’ ಈ ಪುಟ್ಟ ಪ್ರಶ್ನೆಯಲ್ಲಿ ಗೌರವವೂ ಇದೆ, ಸಲಿಗೆಯೂ ಇದೆ.

5. ಎಲ್ಲಿ ನಿಲ್ಲಿಸಬೇಕು?

ರಿಪ್ಲೈ ಒಂದೊಂದೇ ಪದಕ್ಕೆ ಇಳಿದರೆ ಒಂದು ದಿನ ಸುಮ್ನೆ ಇದ್ದುಬಿಡಿ. ‘ಯಾಕೆ ರಿಪ್ಲೈ ಇಲ್ಲ?’ ಎಂದು ಮೇಲಿಂದ ಮೇಲೆ ಕೇಳುವುದು ಒತ್ತಾಯ. ಪಿಜಿ ಎಲ್ಲಿ, ಆಫೀಸಿಂದ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂಬುದನ್ನು ಮೊದಲ ವಾರ ಕೇಳಬೇಡಿ, ಹೇಳಲೂ ಬೇಡಿ. ಎದುರಿನವರು ದುಡ್ಡು ಕೇಳಿದರೆ ಅಥವಾ ಯಾವುದಾದರೂ ಸ್ಕೀಮ್‌ಗೆ ಹಣ ಹಾಕಿ ಎಂದರೆ ಚಾಟ್ ಅಲ್ಲಿಗೇ ಬಂದ್. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಾತು ಹರಿಯುತ್ತಿದ್ದರೆ ಭೇಟಿಯ ವಿಷಯ ಎತ್ತಿ. ‘ಯಾವಾಗಾದ್ರೂ ಸಿಗೋಣ’ ಎಂದರೆ ಅದು ಗಾಳಿಯಲ್ಲೇ ಉಳಿಯುತ್ತದೆ. ಜಾಗ, ಸಮಯ, ಬೇಡ ಅನ್ನಲು ಅವಕಾಶ, ಮೂರೂ ಇರಲಿ: ‘ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಬ್ಬನ್ ಪಾರ್ಕ್‌ನಲ್ಲಿ ಸಿಗೋಣ್ವಾ? ಮೆಟ್ರೊದಲ್ಲೇ ಬರಬಹುದು. ಆಗಲ್ಲ ಅಂದ್ರೆ ಪರವಾಗಿಲ್ಲ, ಅಜ್ಜಿ ಕಥೆ ಇಲ್ಲೇ ಮುಂದುವರಿಸಿ.’